ಬ್ರೇಕ್ ಒತ್ತಿದಾಗ ಕೆಲಸ ಮಾಡುವುದು ರಸ್ತೆಯೋ, ಬ್ರೇಕ್ ಪ್ಯಾಡೋ?

ಹೇಮಾವತಿ ತೀರದವ (ಪ್ರಶ್ನೆ)

ಮಾನ್ಯರೇ, ನಾನು ವಿಜ್ಞಾನ ಓದಿದವನಲ್ಲ. ಕಾಫಿ ವ್ಯಾಪಾರದ ನಿಮಿತ್ತ ವಾರಕ್ಕೊಮ್ಮೆಯಾದರೂ ಸಕಲೇಶಪುರದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಕಾರು ಓಡಿಸುವವನು. ಪ್ರಥಮ ಪಿಯುಸಿ ಓದುತ್ತಿರುವ ನನ್ನ ಮಗಳು ಕಳೆದ ವಾರ ಜೊತೆಗೆ ಬಂದಿದ್ದಳು. ಘಾಟಿ ಇಳಿದು ಗುಂಡ್ಯದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಅವಳು ಕೆಳಗೆ ಕುಳಿತು ಚಕ್ರದ ಕಿಂಡಿಗಳ ಹತ್ತಿರ ಅಂಗೈ ಹಿಡಿದು ನೋಡಿದಳು. ಒಳಗಿನ ಡಿಸ್ಕಿನಿಂದ ಒಲೆಯ ಬಾಯಿಯ ಹಾಗೆ ಝಳ ಹೊಡೆಯುತ್ತಿತ್ತು, ಆದರೆ ಟೈರನ್ನು ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೆ.

ಅಲ್ಲಿಂದ ಮಂಗಳೂರಿನವರೆಗೂ ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಪಠ್ಯದಲ್ಲಿ ಒಂದು ಲೆಕ್ಕವಿದೆಯಂತೆ. ಸೈಕಲ್ ಸವಾರನೊಬ್ಬ ಜಾರುತ್ತಾ 10 ಮೀಟರ್ ದೂರದಲ್ಲಿ ನಿಲ್ಲುತ್ತಾನೆ, ರಸ್ತೆಯು ಸೈಕಲಿನ ಚಲನೆಗೆ ವಿರುದ್ಧವಾಗಿ 200 ನ್ಯೂಟನ್ ಬಲ ಹಾಕುತ್ತದೆ. ರಸ್ತೆಯು ಸೈಕಲಿನ ಮೇಲೆ ಮಾಡಿದ ಕೆಲಸ −2000 ಜೂಲ್. ಸೈಕಲು ರಸ್ತೆಯ ಮೇಲೆ ಮಾಡಿದ ಕೆಲಸ ಸೊನ್ನೆ, ಏಕೆಂದರೆ ರಸ್ತೆ ಅಲುಗಾಡಲಿಲ್ಲ. ಅವಳ ಪ್ರಶ್ನೆ ಎರಡು. ಸೈಕಲು ಕಳೆದುಕೊಂಡ 2000 ಜೂಲ್ ರಸ್ತೆಗೆ ಸೇರಲಿಲ್ಲವೆಂದರೆ ಹೋದದ್ದೆಲ್ಲಿಗೆ? ಇನ್ನು, ನಿಲ್ಲಿಸುವ ಕೆಲಸವನ್ನು ರಸ್ತೆಯೇ ಮಾಡುವುದಾದರೆ, ರಸ್ತೆಯನ್ನು ಮುಟ್ಟುವ ಟೈರು ಬೆಚ್ಚಗೆ ಮಾತ್ರ ಇದ್ದು, ರಸ್ತೆಯನ್ನು ಮುಟ್ಟದ ಡಿಸ್ಕು ಕಾದು ಕೆಂಡವಾಗುವುದೇಕೆ? ತಿಳಿದವರು ಅವಳಿಗೆ ಅರ್ಥವಾಗುವಂತೆ ಬಿಡಿಸಿ ಹೇಳಬೇಕಾಗಿ ವಿನಂತಿ.

ಪಿಯು ಮೇಷ್ಟ್ರು

ನಿಮ್ಮ ಮಗಳು ಕೇಳಿರುವುದು ನಾವು ತರಗತಿಯಲ್ಲಿ ಅವಸರದಿಂದ ದಾಟಿಸಿಬಿಡುವ ಜಾಗ. ಈ ಲೆಕ್ಕವನ್ನು ನಾನೂ ಅನೇಕ ವರ್ಷ ಕಪ್ಪುಹಲಗೆಯ ಮೇಲೆ ಎರಡೇ ಸಾಲಿನಲ್ಲಿ ಮುಗಿಸಿದ್ದೇನೆ.

ಮೊದಲು ಕಾರಿನ ವಿಷಯ. ಜಾರದೆ ಉರುಳುವ ಚಕ್ರದಲ್ಲಿ, ನೆಲವನ್ನು ಮುಟ್ಟಿರುವ ಬಿಂದು ಆ ಕ್ಷಣಕ್ಕೆ ನಿಶ್ಚಲವಾಗಿರುತ್ತದೆ. ಇದನ್ನು ನಂಬುವುದು ಕಷ್ಟ, ಆದರೆ ನೋಡುವುದು ಸುಲಭ. ಒದ್ದೆಯಾದ ಟೈರು ಒಣಗಿದ ಸಿಮೆಂಟು ನೆಲದ ಮೇಲೆ ಹಾದುಹೋದರೆ, ರಂಗೋಲಿ ಕೊಳವೆಯನ್ನು ಉರುಳಿಸಿದಾಗ ಬೀಳುವಂತೆ, ಟೈರಿನ ಗೆರೆಗಳ ಅಚ್ಚು ಒಂದಿಷ್ಟೂ ಕಲಸಿಹೋಗದೆ ಮೂಡುತ್ತದೆ. ಟೈರಿನ ಆ ಭಾಗ ನೆಲದ ಮೇಲೆ ಜಾರುತ್ತಿದ್ದರೆ ಅಚ್ಚು ಹೀಗೆ ಬೀಳುತ್ತಿರಲಿಲ್ಲ. ಬಲ ಬೀಳುವ ಬಿಂದುವೇ ಕದಲದಿದ್ದರೆ ಆ ಬಲ ಮಾಡುವ ಕೆಲಸ ಸೊನ್ನೆ. ಅಂದರೆ ಉರುಳುತ್ತಾ ನಿಲ್ಲುವ ಕಾರಿನಿಂದ ರಸ್ತೆಯು ಒಂದು ಜೂಲಿನಷ್ಟು ಶಕ್ತಿಯನ್ನೂ ತೆಗೆದುಕೊಳ್ಳುವುದಿಲ್ಲ. ಅಲ್ಲಿರುವುದು ಸ್ಥಿತ ಘರ್ಷಣೆ.

ಹಾಗೆಂದು ರಸ್ತೆಯ ಪಾತ್ರವೇ ಇಲ್ಲವೆನ್ನುವಂತಿಲ್ಲ. ಕಾರಿನ ಸಂವೇಗವನ್ನು ಕಡಿಮೆ ಮಾಡಲು ಹೊರಗಿನ ಬಲವೊಂದು ಬೇಕೇ ಬೇಕು, ಮತ್ತು ಅದನ್ನು ಕೊಡಬಲ್ಲದ್ದು ರಸ್ತೆ ಮಾತ್ರ (ಗಾಳಿಯ ಪಾಲು ಇಲ್ಲಿ ಅಲ್ಪ). ಪ್ಯಾಡು ಡಿಸ್ಕನ್ನು ಎಷ್ಟೇ ಬಿಗಿಯಾಗಿ ಹಿಡಿದರೂ ಅವೆರಡೂ ಕಾರಿನದೇ ಭಾಗಗಳು. ರಸ್ತೆಯ ಮೇಲೆ ಎಣ್ಣೆ ಚೆಲ್ಲಿದ್ದರೆ ಎಂಥ ಒಳ್ಳೆಯ ಬ್ರೇಕೂ ಕಾರನ್ನು ನಿಲ್ಲಿಸಲಾರದು ಎಂಬುದನ್ನು ತಾವೇ ಬಲ್ಲಿರಿ. ಆದ್ದರಿಂದ ಬಲದ ಖಾತೆ ಬೇರೆ, ಶಕ್ತಿಯ ಖಾತೆ ಬೇರೆ. ಕಾರನ್ನು ನಿಲ್ಲಿಸುವ ಬಲ ರಸ್ತೆಯದು, ಶಕ್ತಿಯನ್ನು ಶಾಖವಾಗಿಸುವ ಜಾಗ ಬ್ರೇಕಿನದು. ಗೋಡೆಗೆ ಎರಡೂ ಕೈ ಕೊಟ್ಟು ನಮ್ಮನ್ನು ನಾವೇ ಹಿಂದಕ್ಕೆ ತಳ್ಳಿಕೊಂಡಾಗಲೂ ಹೀಗೆಯೇ ಆಗುತ್ತದೆ. ಬಲ ಗೋಡೆಯದು, ಶಕ್ತಿ ನಮ್ಮ ತೋಳಿನದು.

ಈಗ ಅಂಕಿಗಳಲ್ಲಿ ನೋಡೋಣ. 1200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿದೆ ಎನ್ನಿ. ಅದರ ಚಲನ ಶಕ್ತಿ ½ × 1200 × 20 × 20, ಅಂದರೆ 2,40,000 ಜೂಲ್. ಕಾರು 30 ಮೀಟರಿನಲ್ಲಿ ನಿಂತರೆ ರಸ್ತೆ ಕೊಟ್ಟ ಒಟ್ಟು ಬಲ 8000 ನ್ಯೂಟನ್. ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಆಗಿದ್ದು, ಪ್ಯಾಡು ಡಿಸ್ಕನ್ನು ಹಿಡಿಯುವ ಜಾಗ ಕೇಂದ್ರದಿಂದ 10 ಸೆಂಟಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಕಾರು 30 ಮೀಟರ್ ಸಾಗುವಷ್ಟರಲ್ಲಿ ಪ್ಯಾಡಿನ ಕೆಳಗೆ ಡಿಸ್ಕು ಉಜ್ಜಿಕೊಂಡು ಹೋಗುವ ದೂರ 10 ಮೀಟರ್. ಆದರೆ ಅಷ್ಟೇ ತಿರುಗುಬಲವನ್ನು ಮೂರನೇ ಒಂದು ದೂರದಲ್ಲಿ ನಿಂತು ಕೊಡಬೇಕಾದ್ದರಿಂದ ಪ್ಯಾಡುಗಳ ಘರ್ಷಣಾ ಬಲ ಮೂರು ಪಟ್ಟು ಇರಬೇಕು, ಅಂದರೆ ನಾಲ್ಕೂ ಚಕ್ರಗಳಿಂದ 24,000 ನ್ಯೂಟನ್. 24,000ವನ್ನು 10ರಿಂದ ಗುಣಿಸಿದರೆ 2,40,000 ಜೂಲ್! ಕಾರು ಕಳೆದುಕೊಂಡ ಅಷ್ಟೂ ಶಕ್ತಿ ಡಿಸ್ಕು ಮತ್ತು ಪ್ಯಾಡಿನ ನಡುವೆ ಶಾಖವಾಗಿ ಸಿಕ್ಕಿತು.

ಹಾಗಾದರೆ 8000 × 30 ಎಂಬ ಗುಣಾಕಾರಕ್ಕೂ 2,40,000ವೇ ಬರುತ್ತದಲ್ಲ, ಅದು ತಪ್ಪೇ ಎಂದು ಅವಳು ಕೇಳಬಹುದು. ತಪ್ಪಲ್ಲ. ಅಲ್ಲಿ 30 ಮೀಟರ್ ಎಂಬುದು ಕಾರಿನ ದ್ರವ್ಯರಾಶಿ ಕೇಂದ್ರ ಸಾಗಿದ ದೂರ, ಬಲ ಬಿದ್ದ ಬಿಂದು ಸಾಗಿದ ದೂರವಲ್ಲ. ಕಾರು ಎಷ್ಟು ಚಲನ ಶಕ್ತಿಯನ್ನು ಕಳೆದುಕೊಂಡಿತು ಎಂಬುದನ್ನು ಆ ಗುಣಾಕಾರ ಸರಿಯಾಗಿ ಹೇಳುತ್ತದೆ, ಆ ಶಕ್ತಿ ಎಲ್ಲಿಗೆ ಹೋಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಸೈಕಲಿನ ಲೆಕ್ಕದಲ್ಲಿ ಆ ಒಂದು ಪದ ಮುಖ್ಯ: ‘ಜಾರುತ್ತಾ’. ಚಕ್ರ ಲಾಕ್ ಆಗಿ ಜಾರಿದರೆ ಎಲ್ಲವೂ ತಿರುಗುಮುರುಗು. ಆಗ ಚಕ್ರ ತಿರುಗುವುದಿಲ್ಲವಾದ್ದರಿಂದ ಬ್ರೇಕಿನಲ್ಲಿ ಉಜ್ಜಾಟವೇ ಇಲ್ಲ, ಅಲ್ಲಿ ಹುಟ್ಟುವ ಶಾಖವೂ ಇಲ್ಲ. 2000 ಜೂಲ್ ಪೂರ್ತಿ ಟೈರು ಮತ್ತು ರಸ್ತೆ ಕೂಡುವ ಜಾಗದಲ್ಲಿ ಶಾಖವಾಗುತ್ತದೆ, ಒಂದಿಷ್ಟು ರಬ್ಬರಿನಲ್ಲಿ ಉಳಿಯುತ್ತದೆ, ಒಂದಿಷ್ಟು ಡಾಂಬರಿಗೆ ಹೋಗುತ್ತದೆ. ಅಪಘಾತವಾದ ಸ್ಥಳದಲ್ಲಿ ಕಾಣುವ ಕಪ್ಪು ಗೆರೆ ಅದರ ಗುರುತು. ರಸ್ತೆ ಅಲುಗಾಡದ ಕಾರಣ ಅದರ ಮೇಲೆ ಯಾಂತ್ರಿಕ ಕೆಲಸ ಸೊನ್ನೆ ಎಂಬ ಉತ್ತರವೂ ಸರಿಯೇ, ಆದರೆ ರಸ್ತೆ ಬಿಸಿಯಾಗಲಿಲ್ಲ ಎಂದು ಅದರ ಅರ್ಥವಲ್ಲ. ಪಠ್ಯವು ಯಾಂತ್ರಿಕ ಶಕ್ತಿಯ ಲೆಕ್ಕವನ್ನಷ್ಟೇ ಬರೆದು ಶಾಖದ ಲೆಕ್ಕವನ್ನು ಮುಂದಿನ ಅಧ್ಯಾಯಗಳಿಗೆ ಬಿಟ್ಟಿದೆ, ಮಕ್ಕಳಿಗೆ ಗೊಂದಲವಾಗುವುದು ಆ ಸಂದಿಯಲ್ಲೇ.

ಹಳೆಯ ಗ್ಯಾರೇಜಿನವ

ಮೇಷ್ಟ್ರು ಹೇಳಿದ್ದು ಸರಿ. ಡಿಸ್ಕು ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ನಮ್ಮ ಕಡೆಯಿಂದ ಸೇರಿಸುತ್ತೇನೆ, ಏಕೆಂದರೆ ಘಾಟಿಯ ಕಥೆ ಒಂದು ಸಲದ ಬ್ರೇಕಿನ ಕಥೆಯಲ್ಲ.

ನಾಲ್ಕು ಚಕ್ರಗಳ ಬೀಡುಕಬ್ಬಿಣದ ಡಿಸ್ಕುಗಳು ಒಟ್ಟು 24 ಕಿಲೋ ಇವೆಯೆಂದುಕೊಳ್ಳಿ. ಬೀಡುಕಬ್ಬಿಣದ ಒಂದು ಕಿಲೋವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 460 ಜೂಲ್ ಸಾಕು. ಆ ಪ್ರಕಾರ 2,40,000 ಜೂಲ್ ಅಷ್ಟೂ ಡಿಸ್ಕಿಗೇ ಸೇರಿದರೂ ಏರುವ ಉಷ್ಣತೆ ಸರಾಸರಿ 22 ಡಿಗ್ರಿ ಮಾತ್ರ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಡಿಸ್ಕುಗಳ ಪಾಲು ಹೆಚ್ಚು, ಅವು ಇನ್ನೊಂದಿಷ್ಟು ಬಿಸಿಯಾಗುತ್ತವೆ. ಹೆದ್ದಾರಿಯಲ್ಲಿ ಒಂದು ಸಲ ಜೋರಾಗಿ ಬ್ರೇಕ್ ಹಿಡಿದರೆ ಬ್ರೇಕಿಗೆ ಏನೂ ಆಗದಿರುವುದು ಇದರಿಂದಲೇ.

ಘಾಟಿಯಲ್ಲಿ ವೇಗ ಏರದಂತೆ ಹಿಡಿದುಕೊಂಡು ಇಳಿಯುತ್ತೀರಿ. ಚಲನ ಶಕ್ತಿ ಬದಲಾಗುವುದಿಲ್ಲ, ಆದರೆ ಎತ್ತರದ ಪ್ರಚ್ಛನ್ನ ಶಕ್ತಿ ಪ್ರತಿ ಕ್ಷಣವೂ ಕರಗುತ್ತಿರುತ್ತದೆ, ಅದು ಎಲ್ಲಾದರೂ ಹೋಗಲೇಬೇಕು. ಗಂಟೆಗೆ 72 ಕಿಲೋಮೀಟರಿನಿಂದ ಪೂರ್ತಿ ನಿಲ್ಲಿಸುವುದೂ ಒಂದೇ, 20 ಮೀಟರ್ ಎತ್ತರ ಇಳಿಯುವುದೂ ಒಂದೇ. 600 ಮೀಟರ್ ಇಳಿದರೆ 1200 ಕಿಲೋ ಕಾರಿಗೆ ಸುಮಾರು 70 ಲಕ್ಷ ಜೂಲ್, ಅಂದರೆ ಹಾಗೆ 29 ಸಲ ನಿಲ್ಲಿಸಿದ ಲೆಕ್ಕ. ಗಾಳಿ ತಂಪು ಮಾಡದೇ ಇದ್ದಿದ್ದರೆ ಅದೇ 24 ಕಿಲೋ ಡಿಸ್ಕು 600 ಡಿಗ್ರಿಗೂ ಮೇಲೆ ಏರುತ್ತಿತ್ತು. ಗಾಳಿ ತಂಪು ಮಾಡುತ್ತದೆ, ನಿಜ, ಆದರೆ ತಿರುವುಗಳಲ್ಲಿ ವೇಗ ಕಡಿಮೆಯಾದಂತೆ ಗಾಳಿಯೂ ಕಡಿಮೆ.

25 ಟನ್ ಲಾರಿಗೆ ಅದೇ 600 ಮೀಟರಿಗೆ ಬರುವ ಶಕ್ತಿ ಸುಮಾರು 41 ಯೂನಿಟ್ ಕರೆಂಟಿಗೆ ಸಮ. 470 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು, ಬಚ್ಚಲ ಹಂಡೆಗಳಲ್ಲಿ ಎಣಿಸಿಕೊಳ್ಳಿ. ಇಂಥ ಲಾರಿಯ ಬ್ರೇಕಿನಲ್ಲಿ ಡಿಸ್ಕಿನ ಬದಲು ಡ್ರಮ್ಮು, ಪ್ಯಾಡಿನ ಬದಲು ಅದನ್ನು ಒಳಗಿನಿಂದ ಒತ್ತುವ ಲೈನರು. ಆ ಶಕ್ತಿಯನ್ನೆಲ್ಲ ಲೈನರಿನ ತಲೆಗೇ ಕಟ್ಟಿದರೆ ಲೈನರಿನೊಳಗಿನ ಅಂಟು ಸುಟ್ಟು ಅನಿಲ ಬಿಡುತ್ತದೆ, ಹಿಡಿತ ತಪ್ಪುತ್ತದೆ, ಡ್ರಮ್ಮು ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಕಾರಿನಲ್ಲಿ ಇನ್ನೊಂದು ಅಪಾಯವಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯದೆ ಇರಬೇಕು, ತೇವ ಹೀರಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಪೈಪಿನೊಳಗೆ ಆವಿಯ ಗುಳ್ಳೆ ಎದ್ದರೆ ನೀವು ಪೆಡಲಿನ ಮೇಲೆ ಹಾಕುವ ಬಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಖರ್ಚಾಗುತ್ತದೆ. ಪೆಡಲು ಮೆತ್ತೆಯ ಹಾಗೆ ಒಳಕ್ಕೆ ಹೋಗುತ್ತದೆ, ಪ್ಯಾಡು ಹಿಡಿಯುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ನಾನು ಗೋಗರೆಯುವುದು ಇದಕ್ಕೇ, ಬಿಲ್ಲು ಹೆಚ್ಚಿಸುವುದಕ್ಕಲ್ಲ.

ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಶಕ್ತಿಯ ಲೆಕ್ಕದಲ್ಲೂ ಸರಿಯಾಗಿದೆ. ಗೇರಿನಲ್ಲಿದ್ದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಗಾಳಿಯನ್ನು ಎಳೆದು ಒತ್ತಿ ಹೊರದಬ್ಬುವ ಶ್ರಮದಲ್ಲಿ ಮತ್ತು ಎಂಜಿನ್ನಿನ ಒಳಗಿನ ಉಜ್ಜಾಟದಲ್ಲಿ ಆ ಶಕ್ತಿ ಕರಗಿ, ಸೈಲೆನ್ಸರ್ ಮತ್ತು ರೇಡಿಯೇಟರಿನ ಮೂಲಕ ಹೊರಗೆ ಹೋಗುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಅಷ್ಟೂ ಭಾರವನ್ನು ಬ್ರೇಕಿನ ಮೇಲೆ ಹೊರಿಸುತ್ತಾರೆ. ಉಳಿತಾಯವೂ ಸುಳ್ಳು. ಈಗಿನ ಇಂಜೆಕ್ಟರ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ನಿಂತೇ ಹೋಗುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇರಿಸಲು ಇಂಧನ ಸುಡುತ್ತಲೇ ಇರಬೇಕು.

ಒಂದು ವಿಷಯ ಬಿಟ್ಟಿದ್ದೆ. ಗುಂಡ್ಯದಲ್ಲಿ ನಿಲ್ಲಿಸಿದಾಗ ಬಿಸಿ ಡಿಸ್ಕಿನ ಮೇಲೆ ಬಾಟಲಿಯ ನೀರು ಸುರಿಯಬೇಡಿ, ಡಿಸ್ಕು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಹೇಮಾವತಿ ತೀರದವ

ಇಬ್ಬರಿಗೂ ಕೃತಜ್ಞತೆಗಳು. ನೀರು ಸುರಿಯುವ ತಪ್ಪನ್ನು ನಾನು ಎಷ್ಟೋ ಸಲ ಮಾಡಿದ್ದೇನೆ. ಮೇಷ್ಟ್ರ 24,000 × 10 ಲೆಕ್ಕವನ್ನು ಮಗಳು ನಮ್ಮ ಕಾರಿನ ಚಕ್ರಕ್ಕೆ ಅಳತೆಪಟ್ಟಿ ಹಿಡಿದು ಮತ್ತೆ ಮಾಡಿದಳು. ಅವಳ ಮುಂದಿನ ಪ್ರಶ್ನೆ: ಲೋಡು ತುಂಬಿದ ಲಾರಿಗೆ ಎರಡು ಪಟ್ಟು ಶಕ್ತಿಯಿದ್ದರೆ ಅದು ನಿಲ್ಲಲು ಎರಡು ಪಟ್ಟು ದೂರ ಬೇಕಲ್ಲವೇ? ವೇಗ ಸ್ವಲ್ಪ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕಂತೆ, ಈ ಎರಡನೆಯದು ನನ್ನನ್ನು ಉದ್ದೇಶಿಸಿ ಕೇಳಿದ್ದೆಂದು ನನ್ನ ಗುಮಾನಿ.

ಇಳಿಜಾರಿನ ಲೋಕೋ ಪೈಲಟ್

ಮೇಷ್ಟ್ರು ಅದಕ್ಕೆ ಉತ್ತರಿಸುವ ಮೊದಲು ನಿಮ್ಮೂರಿನ ಪಕ್ಕದಲ್ಲೇ ಇಳಿಯುವ ಇನ್ನೊಂದು ದಾರಿಯನ್ನು ನೆನಪಿಸುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ಘಾಟಿಯಲ್ಲಿ ಇಳಿಜಾರು 50ಕ್ಕೆ 1ರಂತೆ, ಒಂದು ಕಿಲೋಮೀಟರ್ ಸಾಗಿದರೆ 20 ಮೀಟರ್ ಕೆಳಗೆ. ರಸ್ತೆಯವರಿಗೆ ಇದು ಇಳಿಜಾರೇ ಅಲ್ಲ. ಆದರೆ 1000 ಟನ್ ತೂಕದ ಗಾಡಿಯನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹಿಡಿದಿಡಬೇಕೆಂದರೆ ಪ್ರತಿ ಸೆಕೆಂಡಿಗೂ ಸುಮಾರು 16 ಲಕ್ಷ ಜೂಲ್ ಶಕ್ತಿಗೆ ದಾರಿ ಕಾಣಿಸಬೇಕು. ಗಾಲಿ ಉರುಳುವ ಪ್ರತಿರೋಧಕ್ಕೆ ಅದರಲ್ಲಿ ಹತ್ತನೇ ಒಂದು ಪಾಲು ಹೋದೀತು. ಉಳಿದದ್ದು ನಮ್ಮ ಕೈಯಲ್ಲಿ.

ಡೀಸೆಲ್ ಎಂಜಿನ್ನುಗಳಲ್ಲಿ ಇದಕ್ಕೆ ಡೈನಾಮಿಕ್ ಬ್ರೇಕ್ ಇದೆ. ಗಾಲಿ ತಿರುಗಿಸುವ ಮೋಟಾರುಗಳೇ ಆಗ ಜನರೇಟರುಗಳಾಗುತ್ತವೆ, ಹುಟ್ಟಿದ ಕರೆಂಟನ್ನು ಅದನ್ನು ಶಾಖವಾಗಿಸುವ ದೊಡ್ಡ ರೆಸಿಸ್ಟರ್ ಗ್ರಿಡ್ಡುಗಳಿಗೆ ಕೊಟ್ಟು, ಫ್ಯಾನಿನಿಂದ ಬಿಸಿಗಾಳಿಯನ್ನು ಹೊರಕ್ಕೆ ತಳ್ಳುತ್ತೇವೆ. ಮಳೆಗಾಲದಲ್ಲಿ ಕಾಡಿನ ಮಂಜಿನ ನಡುವೆ ಆ ಬಿಸಿಗಾಳಿ ಮೇಲೇಳುವುದನ್ನು ನೋಡಿದರೆ ಪಶ್ಚಿಮ ಘಟ್ಟದ ಎತ್ತರವೇ ಆವಿಯಾಗಿ ಹೋಗುತ್ತಿದೆ ಅನಿಸುತ್ತದೆ. ತ್ರೀ ಫೇಸ್ ವಿದ್ಯುತ್ ಎಂಜಿನ್ನುಗಳಲ್ಲಾದರೆ ಅದೇ ಕರೆಂಟು ಮೇಲಿನ ತಂತಿಗೆ ಹಿಂದಿರುಗುತ್ತದೆ, ಬೇರೊಂದು ಗಾಡಿ ಹತ್ತಲು ಬಳಸಿಕೊಳ್ಳಬಹುದು. ವಿದ್ಯುತ್ ಕಾರು, ವಿದ್ಯುತ್ ಬಸ್ಸುಗಳ ರೀಜನರೇಟಿವ್ ಬ್ರೇಕ್ ಕೂಡ ಇದೇ ತತ್ವದ್ದು, ಅಲ್ಲಿ ತಂತಿಯ ಬದಲು ಬ್ಯಾಟರಿ. ಬೆಟ್ಟದ ತುದಿಯಲ್ಲೇ ಬ್ಯಾಟರಿ ಭರ್ತಿಯಾಗಿದ್ದರೆ ಮಾತ್ರ ಆ ಶಕ್ತಿಯನ್ನು ಹಾಕಿಡಲು ಜಾಗವಿರುವುದಿಲ್ಲ.

ಶಕ್ತಿಯನ್ನು ಯಾವ ದಾರಿಯಲ್ಲಿ ಕಳಿಸಿದರೂ ಗಾಡಿಯನ್ನು ತಡೆಯುವ ಬಲ ಹಳಿಯಿಂದಲೇ ಬರಬೇಕು. ಮಳೆ ಹನಿದು ಹಳಿ ಜಿಡ್ಡಾದಾಗ ಗಾಲಿ ಜಾರತೊಡಗಿದರೆ ಗ್ರಿಡ್ಡು ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಆಗ ಗಾಲಿಯ ಮುಂದೆ ಮರಳು ಬಿಡುತ್ತೇವೆ.

ಪಿಯು ಮೇಷ್ಟ್ರು

ಮರಳಿನ ಉದಾಹರಣೆಯನ್ನು ಮುಂದಿನ ವರ್ಷದ ಪಾಠಕ್ಕೆ ಎತ್ತಿಟ್ಟುಕೊಂಡಿದ್ದೇನೆ.

ಲಾರಿಯ ಪ್ರಶ್ನೆ. ಭಾರ ಎರಡು ಪಟ್ಟಾದರೆ ಚಲನ ಶಕ್ತಿ ಎರಡು ಪಟ್ಟು, ಆದರೆ ಟೈರು ರಸ್ತೆಯನ್ನು ಒತ್ತುವ ಬಲವೂ ಎರಡು ಪಟ್ಟು, ಹಾಗಾಗಿ ಸಿಗಬಹುದಾದ ಘರ್ಷಣೆಯೂ ಹೆಚ್ಚುಕಡಿಮೆ ಎರಡು ಪಟ್ಟು. ದೂರದ ಸೂತ್ರದಲ್ಲಿ ದ್ರವ್ಯರಾಶಿ ಹೊಡೆದುಹೋಗಿ, ವೇಗದ ವರ್ಗವನ್ನು 2μg ಇಂದ ಭಾಗಿಸಿದ್ದಷ್ಟೇ ಉಳಿಯುತ್ತದೆ (μ ಎಂದರೆ ಟೈರು ಮತ್ತು ರಸ್ತೆಯ ನಡುವಿನ ಘರ್ಷಣಾಂಕ, g ಎಂದರೆ ಗುರುತ್ವ ವೇಗೋತ್ಕರ್ಷ). ಆದರೆ ಇದು ರಸ್ತೆಯ ಮಿತಿಯನ್ನು ಹೇಳುವ ಸೂತ್ರ. ಆ ಮಿತಿಯವರೆಗೆ ಹಿಡಿಯುವ ತಾಕತ್ತು ಬ್ರೇಕಿಗೂ ಇರಬೇಕು, ಹುಟ್ಟುವ ಇಮ್ಮಡಿ ಶಾಖವನ್ನು ಅದು ತಾಳಬೇಕು. ಕಾಗದದ ಮೇಲೆ ಹೊಡೆದುಹೋದ ದ್ರವ್ಯರಾಶಿ ಡ್ರಮ್ಮಿನ ಬಿಸಿಯಲ್ಲಿ ಮತ್ತೆ ತಲೆಯೆತ್ತುತ್ತದೆ. ಗ್ಯಾರೇಜಿನವರು ಹೇಳಿದ ಲಾರಿಯ ಕಷ್ಟ ಅದೇ.

ವೇಗದ ಪ್ರಶ್ನೆಗೆ ಒಂದು ಚಿಕ್ಕ ಲೆಕ್ಕ ಕೊಡುತ್ತೇನೆ, ತಂದೆ ಮಗಳು ಕೂಡಿ ಮಾಡಲಿ. ಒಂದೇ ಬಗೆಯ ಎರಡು ಕಾರುಗಳು ಅಕ್ಕಪಕ್ಕ ಬರುತ್ತಿವೆ, ಒಂದು ಗಂಟೆಗೆ 60 ಕಿಲೋಮೀಟರ್, ಇನ್ನೊಂದು 80. ಮುಂದೆ ಮರ ಬಿದ್ದಿದೆ. ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಬಲದಲ್ಲಿ ಬ್ರೇಕ್ ಹಿಡಿಯುತ್ತಾರೆ. 60ರ ಕಾರು ಮರಕ್ಕೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತಿತು. 80ರ ಕಾರು ಮರಕ್ಕೆ ಬಡಿಯುವಾಗ ಎಷ್ಟು ವೇಗದಲ್ಲಿರುತ್ತದೆ? ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು 20 ಎನ್ನುತ್ತಾರೆ. ಅಷ್ಟು ದೂರದಲ್ಲಿ ಎರಡೂ ಕಾರುಗಳು ಕಳೆದುಕೊಳ್ಳುವುದು ಸಮಾನ ಶಕ್ತಿಯನ್ನು, ಸಮಾನ ವೇಗವನ್ನಲ್ಲ. 80ರ ವರ್ಗ 6400, 60ರ ವರ್ಗ 3600. ಕಳೆದರೆ 2800, ಅದರ ವರ್ಗಮೂಲ ಸುಮಾರು 53. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದು ಗಂಟೆಗೆ 53 ಕಿಲೋಮೀಟರ್ ವೇಗದಲ್ಲಿರುತ್ತದೆ. ಕಾಲು ಪೆಡಲಿಗೆ ಹೋಗುವ ಮೊದಲು ಕಳೆಯುವ ಸಮಯವನ್ನು ಇಲ್ಲಿ ಸೇರಿಸಿಲ್ಲ, ಸೇರಿಸಿದರೆ ಇನ್ನೂ ಹೆಚ್ಚು.

ಎಂ.ಟೆಕ್. ವಿದ್ಯಾರ್ಥಿನಿ

ಮೇಷ್ಟ್ರೇ, ಕ್ಷಮಿಸಿ, ತಮ್ಮ ಮೊದಲ ಲೆಕ್ಕಕ್ಕೆ ಎರಡು ತಿದ್ದುಪಡಿಗಳು. ತಿರುಗುವ ಚಕ್ರಗಳಿಗೂ ಸ್ವಂತದ ಶಕ್ತಿ ಇರುತ್ತದೆ. ಟೈರು ಸೇರಿ ಒಂದೊಂದು ಚಕ್ರ 16 ಕಿಲೋ ಎಂದಿಟ್ಟುಕೊಂಡರೆ ಬ್ರೇಕಿಗೆ ಸುಮಾರು 9000 ಜೂಲ್ ಹೆಚ್ಚುವರಿಯಾಗಿ ಬರುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ. ಜೋರಾಗಿ ಬ್ರೇಕ್ ಹಿಡಿದಾಗ ಟೈರು ಪೂರ್ತಿ ಜಾರದೆ ಉರುಳುವುದಿಲ್ಲ, ಕಾರಿನ ವೇಗಕ್ಕಿಂತ ತುಸು ನಿಧಾನವಾಗಿ ತಿರುಗುತ್ತದೆ. ಈ ಜಾರಿಕೆ ಶೇಕಡ 10 ಇದ್ದರೆ, 30 ಮೀಟರಿನಲ್ಲಿ ಟೈರು 3 ಮೀಟರ್ ಉಜ್ಜುತ್ತದೆ, 8000 × 3, ಅಂದರೆ 24,000 ಜೂಲ್ ಟೈರು ಮತ್ತು ರಸ್ತೆಯ ನಡುವೆಯೇ ಶಾಖವಾಗುತ್ತದೆ. ಪ್ಯಾಡಿನ ಕೆಳಗೆ ಡಿಸ್ಕು ಸಾಗುವ ದೂರವೂ 10ರ ಬದಲು 9 ಮೀಟರ್ ಆಗುತ್ತದೆ. 24,000 × 9 ಎಂದರೆ 2,16,000. ಎರಡನ್ನೂ ಕೂಡಿದರೆ ಮತ್ತೆ ತಮ್ಮ 2,40,000.

ಪಿಯು ಮೇಷ್ಟ್ರು

ಎರಡನ್ನೂ ಒಪ್ಪಿದೆ. ಚಕ್ರದ ಶಕ್ತಿಯನ್ನು ನಾನು ಬೇಕೆಂದೇ ಬಿಟ್ಟಿದ್ದೆ, ಆದರೆ ಜಾರಿಕೆಯನ್ನು ಮರೆತೇಬಿಟ್ಟಿದ್ದೆ. ಘಾಟಿಯಲ್ಲಿ ಹಗುರವಾಗಿ ಬ್ರೇಕ್ ಹಿಡಿದು ಇಳಿಯುವಾಗ ಜಾರಿಕೆ ಇದಕ್ಕಿಂತ ಬಹಳ ಕಡಿಮೆಯಿರುವುದರಿಂದ, ಆ ಹುಡುಗಿ ಮುಟ್ಟಿ ನೋಡಿದ ಟೈರು ಬೆಚ್ಚಗಿದ್ದುದಕ್ಕೆ ಮುಖ್ಯ ಕಾರಣ ಬೇರೆಯಿರಬೇಕು. ಉರುಳುವಾಗ ರಬ್ಬರು ಪ್ರತಿ ಸುತ್ತಿಗೂ ಅಮುಕಿ ಹಿಗ್ಗುತ್ತದೆ, ಅಮುಕಲು ಬೇಕಾದಷ್ಟು ಶಕ್ತಿ ಹಿಗ್ಗುವಾಗ ಹಿಂದಕ್ಕೆ ಬರುವುದಿಲ್ಲ, ಕೊರತೆ ಶಾಖವಾಗಿ ಉಳಿಯುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ: ಬ್ರೇಕನ್ನೇ ಹೆಚ್ಚು ಹಿಡಿಯದ ದಾರಿಯಲ್ಲಿ ಅಷ್ಟೇ ದೂರ ಓಡಿಸಿ ಟೈರನ್ನು ಮುಟ್ಟಿ ನೋಡುವುದು.

ಹೇಮಾವತಿ ತೀರದವ

ಭಾನುವಾರ ಹಾಸನಕ್ಕೆ ಹೋಗಿದ್ದೆವು. ದಾರಿಯಲ್ಲಿ ಬ್ರೇಕ್ ಮುಟ್ಟಬೇಡವೆಂದು ಪಕ್ಕದಲ್ಲಿ ಕುಳಿತು ಕಾವಲು ಕಾದಳು, ಊರೊಳಗೆ ಹೊಕ್ಕ ಮೇಲೆ ಎರಡು ಮೂರು ಸಲವಷ್ಟೇ ಮುಟ್ಟಿದೆ. ಇಳಿದವಳೇ ಅಂಗೈ ಹಿಡಿದು ನೋಡಿದಳು. ಟೈರು ಗುಂಡ್ಯದಲ್ಲಿದ್ದಷ್ಟೇ ಬೆಚ್ಚಗಿತ್ತು. ಚಕ್ರದ ಕಿಂಡಿಯಲ್ಲಿ ಝಳವಿರಲಿಲ್ಲ.